ಹದ್ದಿನ ಮೂಗಿನ ಡಬ್ಬಿ

ಫೆಬ್ರವರಿ 4

ದಾರಿ ಹೇಳುವವನೇ,

ನಿನ್ನೆ ಭಾನುವಾರ ಸುಮ್ಮನೆ ಮನೆಯಲ್ಲೇ ಇರುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆನಲ್ಲ, ಆ ಮಾತು ಬೆಳಗಿನ ಕಾಫಿಯವರೆಗೆ ನಡೆಯಿತು. ಆಮೇಲೆ ಬಟ್ಟೆ ಒಗೆದೆ, ಪರದೆಗಳನ್ನು ತೆಗೆದು ಕೊಡವಿ ಮತ್ತೆ ಹಾಕಿದೆ, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದೆ, ಅಲ್ಲಿಂದ ಗೋಡೆಯ ಹತ್ತಿರ ಎಳೆದೆ. ಕೆಳಗಿನ ಮನೆಯಾಕೆ ಮೆಟ್ಟಿಲ ಹತ್ತಿರ ನಿಂತು "ಏನ್ರೀ, ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಕೇಳಿದ ಮೇಲೆ ಶೂ ಹಾಕಿಕೊಂಡು ಹೊರಟೇಬಿಟ್ಟೆ.

ಹಳೆಯ ರೈಲು ಸೇತುವೆಯ ಹತ್ತಿರ ಯಾರೋ ನಮ್ಮ ಹುಡುಕಾಟದ ಆಟಕ್ಕೆ ಹೊಸ ಡಬ್ಬಿ ಬಚ್ಚಿಟ್ಟು, ನಕ್ಷೆಯಲ್ಲಿ ಗುರುತು ಹಾಕಿದ್ದಾರೆ. ನೀನಿಲ್ಲದೆ ಹುಡುಕುವುದು ಎಂಥ ಪೀಕಲಾಟ ಗೊತ್ತಾ? ಇಷ್ಟು ವರ್ಷ ಫೋನಿನ ನಕ್ಷೆ ನೋಡುವುದು ನೀನು, ನೆಲ ನೋಡುವುದು ನಾನು. ಈಗ ಎರಡೂ ನನ್ನ ತಲೆಗೇ ಬಂದಿದೆ. ನಕ್ಷೆ ನೋಡುತ್ತ ನಡೆದರೆ ಕಲ್ಲಿಗೆ ಎಡವುತ್ತೇನೆ, ನೆಲ ನೋಡುತ್ತ ನಡೆದರೆ ಯಾರದೋ ಹಿತ್ತಿಲು ಸೇರುತ್ತೇನೆ. ಒಂದು ನಾಯಿ, ಒಬ್ಬ ಮುದುಕ, ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೆ ಸೇತುವೆಯ ಕಂಬಿಯ ಟೊಳ್ಳಿನಲ್ಲಿ ಬೆರಳು ತೂರಿಸಿದರೆ ಸಿಕ್ಕಿತು, ಹೆಬ್ಬೆಟ್ಟಿನಷ್ಟು ಗಾತ್ರದ ಡಬ್ಬಿ. ಒಳಗಿನ ಚೀಟಿಯಲ್ಲಿ ನಮ್ಮಿಬ್ಬರ ಆಟದ ಹೆಸರು ಬರೆದೆ: ಜೋಡಿ ಚಪ್ಪಲಿ. ಬರೆದಾದ ಮೇಲೆ ಯಾಕೋ ಸುಳ್ಳು ಬರೆದ ಹಾಗಾಯಿತು.

ಇವತ್ತು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಒಬ್ಬ ಹಿರಿಯರ ಮೇಲಿನ ಸಾಲಿನ ಕಟ್ಟುಹಲ್ಲಿಗೆ ಮೇಣದ ಅಚ್ಚು ಕೆತ್ತುತ್ತಿದ್ದೆ. ಹಲ್ಲಿನ ಡಾಕ್ಟರು ಬಂದು, ಕೈಗೆ ಇದೇನು ಗೀರು ಎಂದರು. ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಂದ್ರೆ, ಯಾರೋ ಬಚ್ಚಿಟ್ಟಿದ್ದನ್ನ ನೀವು ಹುಡುಕಿ, ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಬರ್ತೀರಾ? ಏನೂ ಮನೆಗೆ ತರಲ್ವಾ?"

"ಏನೂ ಇಲ್ಲ ಡಾಕ್ಟ್ರೇ."

"ಇಬ್ರೂ ಹೀಗೇನಾ? ಅಥವಾ ಅವ್ರು ಸ್ವಲ್ಪ ಪರವಾಗಿಲ್ವಾ?"

ಮಾರ್ಚ್ ಕೊನೆಗೆ ರಜೆಯ ಮೇಲೆ ಬರುತ್ತೀಯಲ್ಲ, ಆಗ ಬಂದು ನೀನೇ ಉತ್ತರ ಹೇಳು. ನೀನು ಫೋನು ಸಿಗದ ಬೆಟ್ಟದ ಹಿಂದೆ ಹೋಗಿ ಸುರಂಗ ಕೊರೆಯುವವರ ಜೊತೆ ಸೇರಿಕೊಂಡೆ. ನಾನು ಶಾಲೆ ಬಿಟ್ಟ ಮೇಲೆ ಮೊದಲ ಬಾರಿಗೆ ಪತ್ರ ಬರೆಯುವ ಹಾಗಾಯಿತು. ಮಾತಾಡಿದ ಹಾಗಲ್ಲ ಇದು. ನಾನು ಕೇಳಿದ್ದಕ್ಕೆ ನೀನು ಎರಡು ವಾರ ಬಿಟ್ಟು "ಹೂಂ" ಅನ್ನುತ್ತೀಯ.

ನೆಲ ನೋಡುವವಳು


ಫೆಬ್ರವರಿ 13

ನೆಲ ನೋಡುವವಳೇ,

ಹೂಂ.

ಶನಿವಾರ ತರಕಾರಿಯ ವ್ಯಾನಿನಲ್ಲಿ ನಿನ್ನ ಪತ್ರ ಬಂತು. ನನ್ನ ಕೋಣೆಯಲ್ಲಿ ಜೊತೆಗಿರುವವನು ಬಂಡೆ ಸಿಡಿಸುವ ಕೆಲಸದವನು. ಎಲ್ಲರೂ ಅವನನ್ನು ಮದ್ದಣ್ಣ ಎನ್ನುತ್ತಾರೆ. ಬೆಟ್ಟ ನಡುಗುವ ಹಾಗೆ ಮದ್ದು ಸಿಡಿದರೂ ಗೊರಕೆ ನಿಲ್ಲಿಸದವನು, ನಾನು ಲಕೋಟೆ ಹರಿದ ಸದ್ದಿಗೆ ಎದ್ದು ಕೂತ. "ಓದಪ್ಪ ಜೋರಾಗಿ, ನಮ್ಗಂತೂ ಯಾರೂ ಬರೆಯಲ್ಲ" ಎಂದ. ನಾಯಿ ಮತ್ತು ಮುದುಕನ ವಿಷಯವನ್ನು ಎರಡು ಸಲ ಓದಿಸಿದ.

ನನ್ನ ಕೆಲಸ ಸುರಂಗದೊಳಗೆ ಗಾಳಿ ಹಾಯಿಸುವ ದೊಡ್ಡ ಫ್ಯಾನುಗಳದ್ದು. ಒಂದೊಂದು ಫ್ಯಾನು ನಮ್ಮ ಅಡುಗೆಮನೆಯಷ್ಟಿದೆ. ಅದು ನಿಂತರೆ ಒಳಗಿನವರಿಗೆಲ್ಲ ಉಸಿರು ಕಟ್ಟುತ್ತದೆ, ಆದ್ದರಿಂದ ನನ್ನನ್ನು ಇಲ್ಲಿ ಸ್ವಲ್ಪ ಮರ್ಯಾದೆಯಿಂದ ನೋಡುತ್ತಾರೆ. ಮನೆಯಲ್ಲಿ ಸಿಗದ ಮರ್ಯಾದೆ. ಸಂಜೆ ಕೆಲಸ ಮುಗಿದ ಮೇಲೆ ಹೊಳೆಯ ದಂಡೆಗುಂಟ ಬಿರಬಿರನೆ ನಡೆದು ಬರುತ್ತೇನೆ. ಹೊರಡುವ ಮುಂಚೆ ಈ ಕಡೆಯ ಡಬ್ಬಿಗಳ ಹಳೆಯ ಪಟ್ಟಿಯೊಂದನ್ನು ಪ್ರಿಂಟ್ ತೆಗೆದುಕೊಂಡಿದ್ದೆನಲ್ಲ, ಅದು ದಿಂಬಿನ ಕೆಳಗಿದೆ. ಬೆಟ್ಟದ ಆಚೆ ಬದಿಗೆ ಹದ್ದಿನ ಮೂಗು ಎಂಬ ಬಂಡೆಯಿದೆಯಂತೆ. ಅದರ ತುದಿಯ ಬಿರುಕಿನಲ್ಲಿ ಒಂದು ಡಬ್ಬಿ. ಇನ್ನೂ ಹೋಗಿಲ್ಲ. ಅದನ್ನು ನೀನು ಬಂದಾಗ ಎಂದು ಇಟ್ಟುಕೊಂಡಿದ್ದೇನೆ.

ಡಾಕ್ಟರಿಗೆ ಹೇಳು, ಅವಳಿಗಿಂತ ನನಗೇ ಈ ಹುಚ್ಚು ಜಾಸ್ತಿ ಎಂದು.

ದಾರಿ ಹೇಳುವವನು


ಫೆಬ್ರವರಿ 25

ದಾರಿ ಹೇಳುವವನೇ,

ರಜೆಗೆ ಎಲ್ಲಾ ಯೋಜನೆ ಹಾಕಿಯಾಯಿತು, ನಿನ್ನನ್ನೇನೂ ಕೇಳುವುದಿಲ್ಲ. ಬಂದ ಮರುದಿನ ಬೆಳಿಗ್ಗೆ ಉದ್ದ ಗುಡ್ಡದ ನೆತ್ತಿಯ ಮೇಲಿನ ದಾರಿ. ಒಂದು ತುದಿಯಿಂದ ಇನ್ನೊಂದು ತುದಿಗೆ, ನಡುವೆ ಸಿಗುವ ಡಬ್ಬಿಗಳನ್ನೆಲ್ಲ ಹುಡುಕುತ್ತ. ಅದರ ಮರುದಿನ ಕಲ್ಲುಕ್ವಾರಿಯ ಕೆರೆ. ಒಂದು ದಿನವೂ ಮನೆಯಲ್ಲಿ ಕೂರುವ ಹಾಗಿಲ್ಲ.

ಅತ್ತಿಗೆ ಫೋನ್ ಮಾಡಿದ್ದರು. "ವಯಸ್ಸಾಯ್ತು ಕಣೇ, ಇನ್ನೂ ಮಕ್ಕಳ ಹಾಗೆ ಪೊದೆ ಪೊದೆ ತಿರುಗ್ತೀಯಲ್ಲ, ಒಂದ್ಕಡೆ ಕೂತ್ಕೋಬಾರ್ದಾ?" ಎಂದರು. ಕೂತರೆ ಏನಾಗುತ್ತದೆ ಎಂದು ಅವರಿಗೆ ಹೇಗೆ ಹೇಳಲಿ? ಇಡೀ ದಿನ ಬೇರೆಯವರ ಹಲ್ಲಿನ ಮುಂದೆ ಬಗ್ಗಿ ಕೂತಿರುತ್ತೇನೆ. ಸಂಜೆ ಎದ್ದಾಗ ಕಾಲು ತಾನಾಗಿ ಹೊರಗೆ ಹೋಗುತ್ತದೆ, ಅದರ ಹಿಂದೆ ನಾನು ಹೋಗುತ್ತೇನೆ. ನಿನ್ನೆ ಬಸ್ ಡಿಪೋವರೆಗೂ ಸುಮ್ಮನೆ ನಡೆದು ಹೋಗಿ ಬಂದೆ. ನಡೆಯದವರ ಜೊತೆ ನಾನು ಹೇಗೆ ಬಾಳುತ್ತಿದ್ದೆನೋ ದೇವರೇ ಬಲ್ಲ. ನೀನು ಸಿಕ್ಕಿದ್ದು ಪುಣ್ಯ.

ಬೇಗ ಬಾ. ಮನೆ ತುಂಬಾ ಸಣ್ಣದಾಗಿದೆ.

ನೆಲ ನೋಡುವವಳು


ಮಾರ್ಚ್ 11

ನೆಲ ನೋಡುವವಳೇ,

ಬೇಜಾರು ಮಾಡಿಕೊಳ್ಳಬೇಡ. ರಜೆ ಮುಂದಕ್ಕೆ ಹೋಗಿದೆ. ಒಂದು ಫ್ಯಾನು ಕೆಟ್ಟಿದೆ, ಬೇರೆ ಎಲೆಕ್ಟ್ರಿಷಿಯನ್ ಇಲ್ಲ. ಏಪ್ರಿಲ್‌ನಲ್ಲಿ ನೋಡೋಣ ಎಂದಿದ್ದಾರೆ ಮ್ಯಾನೇಜರ್. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಮೇಜು ಇಲ್ಲ, ಹಾಸಿಗೆಯ ಮೇಲೆ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ.

ದಾರಿ ಹೇಳುವವನು


ಮಾರ್ಚ್ 11, ಅದೇ ದಿನ

ಇದು ನಿನಗೆ ಕಳುಹಿಸುವ ಪತ್ರವಲ್ಲ. ಕಳುಹಿಸುವುದನ್ನು ಮಡಚಿ ಲಕೋಟೆಗೆ ಹಾಕಿ ಅಂಟಿಸಿದೆ. ಇದನ್ನು ಹಾಸಿಗೆಯ ಕೆಳಗೆ ಹಾಕುತ್ತೇನೆ.

ಬಿದ್ದೆ ಕಣೇ. ಫ್ಯಾನಿನ ಕೆಳಗಿನ ಅಟ್ಟಣಿಗೆಯ ಹಲಗೆ ಒದ್ದೆಯಾಗಿತ್ತು, ಜಾರಿದೆ. ಮೈ ಒಂದು ಕಡೆ ಬಿತ್ತು, ಬಲಗಾಲಿನ ಪಾದ ಕಬ್ಬಿಣದ ಮೆಟ್ಟಿಲ ಸಂದಿಯಲ್ಲೇ ಉಳಿಯಿತು. ಸದ್ದು ನನಗೇ ಕೇಳಿಸಿತು. ಮದ್ದಣ್ಣ ಹೆಗಲ ಮೇಲೆ ಹೊತ್ತು ಹೊರಗೆ ತಂದ. ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪಟ್ಟಿ, ಸ್ಕ್ರೂ ಎಲ್ಲ ಹಾಕಿದ್ದಾರೆ. ಕ್ಯಾಂಪಿನಲ್ಲಿ ಅವಘಡಕ್ಕೆಂದೇ ಇಟ್ಟ ಒಂದು ಫೋನಿದೆ. ಮ್ಯಾನೇಜರ್ ನಿನ್ನ ನಂಬರ್ ಒತ್ತಲು ಹೊರಟಿದ್ದರು, ಕೈ ಮುಗಿದು ತಡೆದೆ.

ಮೂಳೆಯ ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಇಲ್ಲ. "ನಡೀತೀರಿ, ಯೋಚನೆ ಮಾಡ್ಬೇಡಿ. ಸ್ವಲ್ಪ ಕುಂಟು ಉಳಿಯತ್ತೆ. ಆದ್ರೆ ಗುಡ್ಡ ಬೆಟ್ಟ ಮರೆತುಬಿಡಿ" ಎಂದರು. ಹೊರಡುವಾಗ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಹೆಂಡತಿ ಎಂದೆ. ಒಳ್ಳೆಯದಾಯಿತು ಎಂದರು. ಅವರಿಗೇನು ಗೊತ್ತು?

ನಾನು ಬಿದ್ದ ಮರುದಿನ ನಿನ್ನ ಪತ್ರ ಬಂತು. ಉದ್ದ ಗುಡ್ಡದ ನೆತ್ತಿ, ಕಲ್ಲುಕ್ವಾರಿಯ ಕೆರೆ. ನಡೆಯದವರ ಜೊತೆ ಹೇಗೆ ಬಾಳುತ್ತಿದ್ದೆನೋ ಎಂದು ಬರೆದಿದ್ದೀಯ. ನಿನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಮದುವೆಗೆ ಮುಂಚೆಯೇ ನಿನ್ನ ಅತ್ತಿಗೆ ನನಗೆ ಎಚ್ಚರಿಕೆ ಕೊಟ್ಟಿದ್ದರು. "ನಾನೂ ಹಾಗೇ ಇದ್ದೀನಲ್ಲ" ಎಂದು ಜಂಬ ಕೊಚ್ಚಿದ್ದೆ. ಯೋಚಿಸಿ ನೋಡಿದೆ, ನಾವಿಬ್ಬರೂ ಎದುರುಬದುರು ಕೂತು ಒಂದು ಇಡೀ ಭಾನುವಾರ ಕಳೆದದ್ದೇ ಇಲ್ಲ. ಕೂತರೆ ಏನು ಮಾತಾಡುತ್ತೇವೆಂದೂ ನನಗೆ ಗೊತ್ತಿಲ್ಲ. ನೀನು ಬಿಟ್ಟು ಹೋಗುತ್ತೀಯೆಂದು ನನಗೆ ಹೆದರಿಕೆಯಿಲ್ಲ. ನೀನು ಹೋಗುವುದಿಲ್ಲ. ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಿಟಕಿಯಾಚೆ ನೋಡುತ್ತ ಕಾಲು ಅಲ್ಲಾಡಿಸುತ್ತೀಯ. ಅದನ್ನು ದಿನಾ ನೋಡುವುದು ನನ್ನ ಕೈಲಾಗದು.

ಕಾಲು ಸ್ವಲ್ಪ ಸರಿಹೋಗಲಿ. ಸರಿಹೋದ ಮೇಲೆ ಹೇಳಿದರಾಯಿತು.


ಮಾರ್ಚ್ 19

ದಾರಿ ಹೇಳುವವನೇ,

ಬೇಜಾರು ಮಾಡಿಕೊಳ್ಳಬೇಡ ಎಂದರೆ ಆಗಿಹೋಯಿತಾ? ಬೇಜಾರಾಗಿದೆ. ಆ ಫ್ಯಾನಿಗೆ ನನ್ನ ಶಾಪ ತಟ್ಟಲಿ.

ಉದ್ದ ಗುಡ್ಡಕ್ಕೆ ಒಬ್ಬಳೇ ಹೋದೆ. ಬುತ್ತಿಯನ್ನು ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಕಟ್ಟಿದ್ದೆ. ನೆತ್ತಿಯ ಮೇಲೆ ಗಾಳಿ ಹೇಗಿತ್ತೆಂದರೆ ಟೋಪಿ ಹಾರಿ ಕೆಳಗಿನ ಹೊಲಕ್ಕೇ ಬಿತ್ತು. ಡಬ್ಬಿ ಸಿಕ್ಕಿದ್ದು ಎರಡೇ. ಮೂರನೆಯದನ್ನು ಹುಡುಕುತ್ತ ಒಂದು ಬಂಡೆಯ ಮೇಲೆ ಕೂತವಳಿಗೆ ಅಳು ಬಂದುಬಿಟ್ಟಿತು. ಸುಸ್ತಾಗಿರಬೇಕು. ಮಿಕ್ಕ ಬುತ್ತಿಯನ್ನೂ ನಾನೇ ತಿಂದೆ.

ಇನ್ನೊಂದು ವಿಷಯ. ನಿಮ್ಮ ಕ್ಯಾಂಪಿನ ಕೆಳಗಿನ ಊರಿನಲ್ಲಿ ಆಸ್ಪತ್ರೆ ಇದೆಯಲ್ಲ, ಅದು ಎಷ್ಟು ದೊಡ್ಡದು? ನೀನು ಯಾವಾಗಲಾದರೂ ಒಳಗೆ ಹೋಗಿದ್ದೀಯಾ? ಜನ ಹೇಗೆ? ಕ್ಯಾಂಪಿನಿಂದ ಅಲ್ಲಿಗೆ ಹೋಗಿಬರಲು ಗಾಡಿ ಸಿಗುತ್ತದಾ? ಸುಮ್ಮನೆ ಕೇಳಿದೆ. ಆದರೆ ಮರೆಯದೆ ಬರೆ.

ನೆಲ ನೋಡುವವಳು


ಮಾರ್ಚ್ 27

ನೆಲ ನೋಡುವವಳೇ,

ಆಸ್ಪತ್ರೆಯ ವಿಷಯ ನಿನಗ್ಯಾಕೆ? ಯಾರಾದರೂ ಏನಾದರೂ ಹೇಳಿದರಾ? ಅದು ಹೆಸರಿಗೆ ಆಸ್ಪತ್ರೆ, ಅಷ್ಟೇ. ನಾನು ಒಳಗೆ ಕಾಲಿಟ್ಟೇ ಇಲ್ಲ. ಊರೂ ಅಷ್ಟಕ್ಕಷ್ಟೇ, ಬರೀ ಧೂಳು, ಲಾರಿ. ಇಲ್ಲಿಗೆ ಬರುವ ಯೋಚನೆ ಮಾತ್ರ ಮಾಡಬೇಡ, ಹೊರಗಿನವರನ್ನು ಗೇಟಿನ ಒಳಗೆ ಬಿಡುವುದಿಲ್ಲ.

ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಮೊನ್ನೆ ಭಾನುವಾರ ಹದ್ದಿನ ಮೂಗಿಗೆ ಹೋಗಿದ್ದೆ! ನಿನ್ನನ್ನು ಬಿಟ್ಟು ಹೋದದ್ದಕ್ಕೆ ಬೈಯಬೇಡ, ತಡೆಯಲಾಗಲಿಲ್ಲ. ಮೊದಲರ್ಧ ಕುರುಚಲು ಗಿಡ, ಆಮೇಲೆ ಬರೀ ಕಲ್ಲು. ಮೂಗಿನ ತುದಿಗೆ ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕು. ಬಿರುಕಿನಲ್ಲಿ ಕೈ ಹಾಕಿದರೆ ಹಸಿರು ಬಣ್ಣದ ತಗಡಿನ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ನಮ್ಮ ಹೆಸರು ಬರೆದು ಬಂದೆ. ಕೆಳಗೆ ಹೊಳೆ ನೂಲೆಳೆಯ ಹಾಗೆ ಕಾಣುತ್ತಿತ್ತು. ನೀನಿರಬೇಕಿತ್ತು.

ರಜೆ ಏಪ್ರಿಲ್‌ನಲ್ಲೂ ಕಷ್ಟ ಅನ್ನಿಸುತ್ತದೆ.

ದಾರಿ ಹೇಳುವವನು


ಏಪ್ರಿಲ್ 7

ಎಲೆಕ್ಟ್ರಿಷಿಯನ್ ಸಾಹೇಬರಿಗೆ,

ನೀವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ನಿಮ್ಮ ಪತ್ರ ಓದಿ ನನಗೂ ಆಸೆಯಾಯಿತು. ಹದ್ದಿನ ಮೂಗು ಹೇಗಿದೆ, ಯಾರಾದರೂ ಫೋಟೊ ಹಾಕಿದ್ದಾರಾ ನೋಡೋಣವೆಂದು ಡಬ್ಬಿ ಹುಡುಕುವವರ ಅಂತರ್ಜಾಲ ತಾಣ ತೆರೆದೆ. ಆ ಡಬ್ಬಿ ಇಟ್ಟವರು ಕಳೆದ ವರ್ಷವೇ ಅಲ್ಲಿ ಬರೆದಿದ್ದಾರೆ: ಸುರಂಗಕ್ಕೆ ಮದ್ದು ಸಿಡಿಸಲು ಶುರುಮಾಡಿದ ಮೇಲೆ ಮೂಗು ಮುರಿದು ಬಿದ್ದಿದೆ, ಡಬ್ಬಿಯೂ ಅದರ ಜೊತೆ ಹೋಯಿತು, ಆ ದಾರಿಗೆ ತಂತಿಬೇಲಿ ಹಾಕಿದ್ದಾರೆ, ಯಾರೂ ಹೋಗಬೇಡಿ. ನೀವು ಬರೆದ ಹಸಿರು ತಗಡು, ರಬ್ಬರ್ ಪಟ್ಟಿ ಎಲ್ಲ ಹಳೆಯ ವಿವರಣೆಯಲ್ಲಿ ಇದ್ದ ಹಾಗೇ ಇದೆ. ನಿಮ್ಮ ದಿಂಬಿನ ಕೆಳಗಿನ ಪಟ್ಟಿಯಲ್ಲೂ ಹಾಗೇ ಇರಬೇಕು.

ಇಲ್ಲದ ಬಂಡೆಯ ಮೇಲೆ ತೆವಳಿಕೊಂಡು ಹೋದವರು ನೀವೊಬ್ಬರೇ.

ಇಷ್ಟು ವರ್ಷದಲ್ಲಿ ನಾವು ಒಂದು ಡಬ್ಬಿಯ ವಿಷಯದಲ್ಲೂ ಸುಳ್ಳು ಹೇಳಿಲ್ಲ. ಕೈಗೆ ಎಟುಕದ ಡಬ್ಬಿಗೆ, ಕಣ್ಣಿಗೆ ಕಂಡಿದ್ದರೂ, ಸಿಕ್ಕಿತು ಎಂದು ಬರೆದವರಲ್ಲ. ಹಾಗಾದರೆ ಆ ಭಾನುವಾರ ನೀವು ಎಲ್ಲಿದ್ದಿರಿ? ನೇರವಾಗಿ ಕೇಳುತ್ತೇನೆ, ಯಾರ ಜೊತೆ ಇದ್ದಿರಿ? ರಜೆ ಬೇಡ, ನಾನು ಬರುವುದು ಬೇಡ, ಊರು ಬರೀ ಧೂಳು. ಇದೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಯಾವ ಹೆಂಗಸಿಗೂ ಅರ್ಥವಾಗುತ್ತದೆ. ಹಲ್ಲು ಕಡಿದುಕೊಂಡು ಕೆಲಸ ಮಾಡುತ್ತಿದ್ದೇನೆ. ಇವತ್ತು ಡಾಕ್ಟರು "ಯಾಕಮ್ಮಾ, ಈ ಸೆಟ್ಟಿನ ಹಲ್ಲೆಲ್ಲ ಕಚ್ಚೋಕೆ ಬರೋ ಹಾಗಿದೆಯಲ್ಲ" ಎಂದು ವಾಪಸ್ ಕೊಟ್ಟರು.

ಉತ್ತರ ಬರೆಯಿರಿ. ನಿಜ ಬರೆಯಿರಿ.


ಏಪ್ರಿಲ್ 16

ನೆಲ ನೋಡುವವಳೇ,

ನೀವು ಎಂದು ಬರೆದಿದ್ದೀಯ. ನಮ್ಮ ಮದುವೆಯಾದಾಗಿನಿಂದ ನೀನು ನನಗೆ ನೀವು ಎಂದದ್ದು, ನಾನು ನಿನ್ನ ಶೂಗಳನ್ನು ಹೊಳೆಗೆ ಬೀಳಿಸಿದ ದಿನ ಮಾತ್ರ.

ಯಾರೂ ಇಲ್ಲ. ನನ್ನ ಮೇಲಾಣೆ. ಈ ಕ್ಯಾಂಪಿನಲ್ಲಿ ಹೆಣ್ಣು ಎಂದು ಇರುವುದು ಅಡುಗೆಯವನ ನಾಯಿ ಒಂದೇ, ಅದೂ ನನ್ನನ್ನು ಕಂಡರೆ ಬೊಗಳುತ್ತದೆ. ಬಂಡೆಯ ವಿಷಯದಲ್ಲಿ ಏನೋ ಹೆಚ್ಚುಕಮ್ಮಿಯಾಗಿರಬೇಕು. ಇಲ್ಲಿ ಎಲ್ಲಾ ಬಂಡೆಗಳೂ ಮೂಗಿನ ಹಾಗೇ ಇವೆ, ಬೇರೆ ಯಾವುದಕ್ಕೋ ಹೋಗಿದ್ದೆ ಅನ್ನಿಸುತ್ತದೆ.

ನಂಬು. ಬೇರೇನೂ ಕೇಳಬೇಡ. ಸ್ವಲ್ಪ ದಿನ ತಾಳು.

ದಾರಿ ಹೇಳುವವನು


ಮೇ 2

ಎರಡು ವ್ಯಾನು ಬಂದು ಹೋದವು, ನಿನ್ನ ಪತ್ರವಿಲ್ಲ. ಶನಿವಾರ ಬಂತೆಂದರೆ ಬೆಳಿಗ್ಗೆಯಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುತ್ತೇನೆ. ಮದ್ದಣ್ಣ ಕೇಳಿದ, "ಏನಪ್ಪ, ಆ ನಾಯಿ ಮುದುಕನ ಕಥೆ ಮುಂದೆ ಏನಾಯ್ತು?" ಬೈದುಬಿಟ್ಟೆ. ಪಾಪ, ಅವನು ಎದ್ದು ಹೊರಗೆ ಹೋಗಿ ಕೂತ.

ನಿನಗೆ ಹೇಳಬೇಕಾದದ್ದು ಒಂದಿದೆ. ನಾಲ್ಕು ಸಲ ಬರೆಯಲು ಕೂತೆ. ಬರೆದರೆ ಅದು ನಿಜವಾಗಿಬಿಡುತ್ತದೆ, ಬರೆಯದಿದ್ದರೆ ನೀನು ಇನ್ನೇನೋ ನಿಜವೆಂದು ತಿಳಿಯುತ್ತೀಯ. ಇವತ್ತೂ ಆಗುತ್ತಿಲ್ಲ. ಒಂದೇ ಒಂದು ಸಾಲು ಬರೆ. ಬೈದಾದರೂ ಬರೆ.


ಮೇ 12, ಕೆಳಗಿನ ಊರಿನಿಂದ

ಇದನ್ನು ಸಿಮೆಂಟ್ ಲಾರಿಯವನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಮೇಲೆ ಯಾವ ಊರಿನಿಂದ ಎಂದು ಬರೆದಿದ್ದೇನೆ ನೋಡು. ಬಸ್ ನಿಲ್ದಾಣದ ಎದುರಿನ ವಸತಿಗೃಹ, ಎರಡನೇ ಮಹಡಿ, ರಸ್ತೆ ಕಡೆಯ ಕೋಣೆ. ಊರಲ್ಲಿ ಧೂಳು ಇದೆ, ನೀನು ಹೇಳಿದಷ್ಟಿಲ್ಲ.

ಶುಕ್ರವಾರ ಬಂದೆ. ನಿನ್ನೆ ಶನಿವಾರ ತರಕಾರಿಯ ವ್ಯಾನು ಹತ್ತಿ ಮೇಲೆ ಬಂದಿದ್ದೆ. ವ್ಯಾನಿನವನಿಗೆ ನಿನ್ನ ಗುರುತು ಹೇಳಿ, ನಾನು ಬಂದದ್ದು ಹೇಳಬಾರದೆಂದು ಕಟ್ಟಪ್ಪಣೆ ಮಾಡಿ, ಹಿಂದೆ ಎಲೆಕೋಸಿನ ಮೂಟೆಗಳ ಸಂದಿಯಲ್ಲಿ ಕೂತಿದ್ದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಅವಳಿಗೆ ಏನು ಹೇಳಬೇಕು, ನಿನಗೆ ಏನು ಹೇಳಬೇಕು, ಯಾರಿಗೆ ಮೊದಲು ಹೇಳಬೇಕು. ಎಂಥ ಮಾತುಗಳು ಅವು! ನೀನು ಕೇಳಿದ್ದರೆ ಅಲ್ಲೇ ಕುಸಿಯುತ್ತಿದ್ದೆ.

ಗೇಟಿನ ಹತ್ತಿರ ವ್ಯಾನು ನಿಂತಿತು. ಟಾರ್ಪಾಲಿನ ಬಿರುಕಿನಿಂದ ನೋಡಿದೆ. ದೂರದಲ್ಲಿ ಯಾರೋ ಒಬ್ಬ ಕೋಲೂರಿಕೊಂಡು ಬರುತ್ತಿದ್ದ, ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಮೋಟು. ಯಾರೋ ಪಾಪ ಎಂದುಕೊಂಡೆ. ನೀನು ಎಂದು ಗೊತ್ತಾಗಲು ನನಗೆ ಅಷ್ಟು ಹೊತ್ತು ಬೇಕಾಯಿತು. ಎಲೆ ಮರೆಯಲ್ಲಿ ಬೆರಳಷ್ಟು ಡಬ್ಬಿ ಇದ್ದರೂ ಕಂಡುಹಿಡಿಯುವವಳು, ಗಂಡನ ನಡಿಗೆ ಗುರುತಿಸಲಿಲ್ಲ.

ನೀನು ವ್ಯಾನಿನ ಹತ್ತಿರ ಬಂದೆ. ನನಗೂ ನಿನಗೂ ನಡುವೆ ಒಂದು ಎಲೆಕೋಸಿನ ಮೂಟೆ. "ಪತ್ರ ಇದೆಯೇನಪ್ಪ?" ಎಂದೆ. ಅವನು ಇಲ್ಲ ಎಂದ. "ಚೆನ್ನಾಗಿ ನೋಡು, ಕೆಳಗೆಲ್ಲಾದ್ರೂ ಬಿದ್ದಿರಬಹುದು" ಎಂದೆ. ಅವನು ಮತ್ತೆ ಇಲ್ಲ ಎಂದ. ನೀನು "ಇರ್ಲಿ ಬಿಡು" ಎಂದು ತಿರುಗಿ ಹೋದೆ. ನಾನು ಬಾಯಿಗೆ ಸೆರಗು ತುರುಕಿಕೊಂಡು ನಿನ್ನ ಬೆನ್ನು ನೋಡಿದೆ. ವರ್ಕ್‌ಶಾಪಿನ ಬಾಗಿಲವರೆಗೂ ನೋಡಿದೆ. ಗೆದ್ದೆ ಎಂದು ಅನಿಸಬೇಕಿತ್ತು, ಬೇರೆ ಹೆಂಗಸು ಇಲ್ಲವಲ್ಲ. ಜೋಡಿಸಿಟ್ಟುಕೊಂಡಿದ್ದ ಮಾತಿನಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಯಾಕೆ ಇಳಿಯಲಿಲ್ಲ ಎಂದು ಕೇಳುತ್ತೀಯ. ಇಳಿದಿದ್ದರೆ ನೀನು ಇದ್ದಲ್ಲೇ ನಿಂತುಬಿಡುತ್ತಿದ್ದೆ. ನಾನು ಹೊರಡುವವರೆಗೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ, ಏನೂ ಆಗಿಲ್ಲವೆಂದು ನಗುತ್ತ ನಿಂತಿರುತ್ತಿದ್ದೆ. ನಿನ್ನನ್ನು ನಾನು ನೋಡಿಲ್ಲವಾ?

ವಾಪಸ್ ಕೆಳಗೆ ಬರುವ ದಾರಿಯಲ್ಲಿ ವ್ಯಾನಿನವನು ಎಲ್ಲಾ ಹೇಳಿದ. "ಅವ್ರು ಬಿದ್ದು ಎರಡು ತಿಂಗಳ ಮೇಲಾಯ್ತಲ್ಲಮ್ಮಾ, ನಿಮ್ಗೆ ಗೊತ್ತಿಲ್ವಾ? ಪ್ರತಿ ವಾರ ಗೇಟಿಗೆ ಬರ್ತಾರೆ." ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಗೊತ್ತು ಎಂದೆ.

ಕೋಪ ಬಂದಿದೆ. ನನ್ನ ಮೈಯೆಲ್ಲ ಉರಿಯುತ್ತಿದೆ. ನೀನು ಬಿದ್ದದ್ದಕ್ಕಲ್ಲ. ನಾನು ಏನು ತಡೆಯಬಲ್ಲೆ, ಏನು ತಡೆಯಲಾರೆ ಎಂದು ನೀನೊಬ್ಬನೇ ಕೂತು ತೀರ್ಮಾನ ಮಾಡಿದ್ದಕ್ಕೆ. ನಾನು ಮದುವೆಯಾದದ್ದು ನಿನ್ನ ಕಾಲನ್ನಾ? ನನ್ನ ಪತ್ರದಲ್ಲಿ ಬರೆದಿದ್ದೇನೆ, ಹೌದು, ನಡೆಯದವರ ಜೊತೆ ಹೇಗೆ ಬಾಳುತ್ತಿದ್ದೆನೋ ಎಂದು. ಅದನ್ನು ಬರೆದ ಕೈಯನ್ನು ಕಡಿದುಕೊಳ್ಳಬೇಕು ಅನ್ನಿಸಿತು. ಆದರೆ ಅದು ಖುಷಿಗೆ ಬರೆದದ್ದು ಕಣೋ. ನೀನು ಬರುತ್ತೀಯೆಂಬ ಖುಷಿಗೆ. ಆ ಉದ್ದ ಗುಡ್ಡದ ಮೇಲೆ ನಾನು ಅತ್ತದ್ದು ಸುಸ್ತಿನಿಂದಲ್ಲ. ಗಾಳಿಯಿತ್ತು, ಡಬ್ಬಿಯಿತ್ತು, ಎಲ್ಲಾ ಇತ್ತು. ಯಾವುದೂ ಬೇಡವಾಗಿತ್ತು.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ನೀನು ಅಡ್ಡಾದಿಡ್ಡಿ ಬೈದ ಆ ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗ ಶುರುಮಾಡುತ್ತಿದ್ದಾರೆ. ಹಲ್ಲು ಕಟ್ಟುವವರು ಬೇಕಂತೆ. ಮಾರ್ಚ್‌ನಲ್ಲೇ ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕ ಮೇಲೆ ಹೇಳಿ ನಿನ್ನನ್ನು ಬೆಚ್ಚಿಬೀಳಿಸೋಣ ಎಂದುಕೊಂಡಿದ್ದೆ. ನೀನು ಬರಬೇಡ ಎಂದು ಬರೆದೆ. ಅರ್ಜಿ ವಾಪಸ್ ತೆಗೆದುಕೊಳ್ಳಲು ಪತ್ರ ಬರೆದು, ಅಂಚೆಗೆ ಹಾಕದೆ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಶುಕ್ರವಾರ ಅವರು ನನ್ನ ಕೈಯಲ್ಲಿ ಒಂದು ಕೆಳಸಾಲು ಮಾಡಿಸಿ ನೋಡಿದರು. ಕೆಲಸ ಕೊಟ್ಟಿದ್ದಾರೆ. ಮಂಗಳವಾರ ಬೆಳಿಗ್ಗೆ ಬರುತ್ತೇನೋ ಇಲ್ಲವೋ ಹೇಳಬೇಕು. ಮಧ್ಯಾಹ್ನ ನಮ್ಮೂರಿಗೆ ಬಸ್ಸಿದೆ.

ನಾನು ಇನ್ನೊಂದು ಸಲ ಮೇಲೆ ಬರುವುದಿಲ್ಲ. ಅಡಗಿ ಕೂತದ್ದು ನೀನು, ಇಲ್ಲಿಯವರೆಗೆ ಹುಡುಕಿಕೊಂಡು ಬಂದದ್ದು ನಾನು. ಡಬ್ಬಿಯಾದರೆ ಕೈ ಹಾಕಿ ತೆಗೆಯುತ್ತಿದ್ದೆ. ನೀನು ಡಬ್ಬಿಯಲ್ಲ, ನೀನಾಗಿ ಹೊರಗೆ ಬರಬೇಕು. ನೀನು ಬಚ್ಚಿಟ್ಟುಕೊಂಡೇ ಬಾಳುವುದಾದರೆ ನಾನು ಈ ಊರಲ್ಲಿದ್ದರೂ ಒಂದೇ, ಆ ಊರಲ್ಲಿದ್ದರೂ ಒಂದೇ.

ಕೋಣೆಯ ಕಿಟಕಿ ಬೆಟ್ಟದ ರಸ್ತೆಯ ಕಡೆಗೇ ಇದೆ. ಬೆಳಗಿನಿಂದ ಎಷ್ಟು ಸಲ ಎದ್ದು ನೋಡಿದೆನೋ ಲೆಕ್ಕವಿಲ್ಲ. ಕೆಳಗಿನ ಕೋಣೆಯವನು "ಸ್ವಲ್ಪ ಓಡಾಡೋದು ಕಮ್ಮಿ ಮಾಡಿ ಅಮ್ಮ" ಎಂದು ಹೇಳಿ ಹೋದ.


ಮೇ 13, ಊರ ಬಾಗಿಲಿನ ಟೀ ಅಂಗಡಿಯಿಂದ

ನಿನ್ನ ಪತ್ರ ಬೆಳಿಗ್ಗೆ ಕೈಗೆ ಬಂತು. ಓದಿ ಮುಗಿಸುವ ಮುಂಚೆಯೇ ಮದ್ದಣ್ಣ ನನ್ನ ಅಂಗಿ ತಂದು ಮುಂದೆ ಹಿಡಿದಿದ್ದ. "ಹೋಗಪ್ಪಾ, ಫ್ಯಾನು ನಿಂತ್ರೆ ನಾವು ಬಾಯಲ್ಲಿ ಊದ್ಕೋತೀವಿ" ಎಂದ.

ಲಾರಿಯಲ್ಲಿ ಇಲ್ಲಿಯವರೆಗೆ ಬಂದೆ. ಡ್ರೈವರ್ ವಸತಿಗೃಹದ ಬಾಗಿಲಿಗೇ ಬಿಡುತ್ತೇನೆಂದ. ಬೇಡ ಎಂದೆ, ಇಲ್ಲೇ ಇಳಿದೆ. ಅಂಗಡಿಯವನ ಹತ್ತಿರ ಕಾಗದ, ಪೆನ್ನು ಇಸಿದುಕೊಂಡು ಬರೆಯುತ್ತಿದ್ದೇನೆ. ಲಾರಿಯವನು ಇದನ್ನು ನಿನ್ನ ಕೈಗೆ ಕೊಟ್ಟು ಹೋಗುತ್ತಾನೆ.

ನೀನು ಹೇಳಿದ್ದು ಸರಿ, ನೀನು ಇಳಿದಿದ್ದರೆ ನಾನು ನಿಂತುಬಿಡುತ್ತಿದ್ದೆ. ಹೆದರಿದ್ದೆ ಕಣೇ. ಬೀಳುವಾಗಲೂ ಇಷ್ಟು ಹೆದರಿರಲಿಲ್ಲ. ಈಗಲೂ ಹೆದರಿಕೆ ಹೋಗಿಲ್ಲ. ಮೂಳೆಯ ಡಾಕ್ಟರು ಗುಡ್ಡ ಹತ್ತುವ ಹಾಗಿಲ್ಲ ಎಂದಿದ್ದಾರೆ, ಎಂದಿಗೂ. ಈ ಮಾತು ಬರೆಯಲು ಎರಡು ತಿಂಗಳು ಹಿಡಿಯಿತು.

ಇಲ್ಲಿಂದ ನಿನ್ನ ಕಿಟಕಿಯವರೆಗೆ ರಸ್ತೆ ನೆಟ್ಟಗಿದೆ, ಮರ ಗಿಡ ಏನೂ ಇಲ್ಲ. ತುಂಬಾ ಹೊತ್ತಾಗುತ್ತದೆ, ನಡುನಡುವೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ನೀನು ಕೆಳಗಿಳಿದು ಎದುರಿಗೆ ಬರಬೇಡ. ಕಿಟಕಿಯ ಹತ್ತಿರ ನಿಂತು ನೋಡು. ನೀನು ನೋಡುತ್ತಿದ್ದೀಯೆಂದು ಗೊತ್ತಿದ್ದೂ ನಡೆಯುತ್ತೇನೆ.